ಬೇನೆಗೆ ಮುನ್ನವೇ ಬೇಲಿ: ರಾಜರ್ಷಿ ನಾಲ್ವಡಿ ಕೃಷ್ಣರಾಜ ಒಡೆಯರ ಚರಿತ್ರೆ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವನನ್ನು ಕಂಡು ಲೋಕ ನಗುತ್ತದೆ. ಆದರೆ ಶರೀರದ ವಿಷಯದಲ್ಲಿ ಹೀಗೆ ನಡೆಯದವರು ವಿರಳ. ಜ್ವರ ಏರಿದ ಮೇಲೆ ವೈದ್ಯನ ಮನೆ, ಊರಿಗೆ ಮಾರಿ ಹೊಕ್ಕ ಮೇಲೆ ಹರಕೆ, ಕೂಸು ಕಣ್ಮುಚ್ಚಿದ ಮೇಲೆ ಹಣೆಬರಹದ ಮಾತು. ಇದು ಸಂಸಾರಿಗಳ ರೂಢಿ. ಶರಣರು ಕಾಯವನ್ನು ಹೇಯವೆಂದು ತೊರೆದವರಲ್ಲ. ಅದನ್ನು ಲಿಂಗದ ನೆಲೆಯೆಂದು ಬಗೆದು ಶುಚಿಯಾಗಿ ಕಾಪಾಡಿಕೊಂಡವರು. ಕಾಯ ಕುಸಿದರೆ ಕಾಯಕ ನಿಲ್ಲುತ್ತದೆ. ಕಾಯಕ ನಿಂತರೆ ದಾಸೋಹವೂ ನಿಲ್ಲುತ್ತದೆ. ಆದುದರಿಂದ ಬೇನೆ ಬಂದ ಮೇಲಿನ ಔಷಧಕ್ಕಿಂತ ಬೇನೆ ಬಾರದಂತೆ ಹಾಕುವ ಬೇಲಿಯೇ ಹಿರಿದಾದ ಸೇವೆ. ಈ ತತ್ತ್ವವನ್ನು ಒಂದು ರಾಜ್ಯದ ಆಡಳಿತದಲ್ಲಿ ತರಲು ಯತ್ನಿಸಿದವರಲ್ಲಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಅಗ್ರಗಣ್ಯರು. ಅವರು ಕಟ್ಟಿಸಿದ ಅಣೆಕಟ್ಟನ್ನೂ, ಬೆಳಗಿಸಿದ ದೀಪಗಳನ್ನೂ ಕೊಂಡಾಡುವವರು ಬಹಳ. ಅವರ ಕಾಲದ ಆರೋಗ್ಯಕಾರ್ಯವನ್ನು, ವಿಶೇಷವಾಗಿ ಮಂಡ್ಯದ ಸೀಮೆಯಲ್ಲಿ ನಡೆದುದನ್ನು, ನೆನೆಯುವವರು ಕಡಮೆ.

ಒಡೆಯರು 1884ರ ಜೂನ್ 4ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಚಾಮರಾಜೇಂದ್ರ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿಯವರು. ಬಾಲಕನಿಗೆ ಹತ್ತು ವರ್ಷ ತುಂಬಿ ಆರು ತಿಂಗಳು ಕಳೆದಿತ್ತು. ತಂದೆ ಕಲ್ಕತ್ತೆಗೆ ಹೋಗಿದ್ದರು. ಅಲ್ಲಿ ಗಂಟಲುಮಾರಿಯೆಂಬ ಡಿಫ್ತೀರಿಯಾ ರೋಗ ತಗುಲಿ, 1894ರ ಡಿಸೆಂಬರ್ 28ರಂದು ಅವರು ಕಾಲವಶರಾದರು. ಆಗ ಅವರಿಗೆ ಮೂವತ್ತೊಂದು ವರ್ಷ ಮಾತ್ರ. ಆ ರೋಗಕ್ಕೆ ಪ್ರತಿವಿಷವಾದ ರಸವನ್ನು ಯೂರೋಪಿನ ಪಂಡಿತರು ಕಂಡುಹಿಡಿದು, ಅದೇ ವರ್ಷ ಅದರ ಕೀರ್ತಿ ಹರಡುತ್ತಿತ್ತು. ಮಗುವಿಗೆ ಮೊದಲೇ ಚುಚ್ಚಿ ರೋಗವನ್ನು ತಡೆಯುವ ಲಸಿಕೆ ಬರುವುದಕ್ಕೆ ಇನ್ನೂ ಮೂರು ದಶಕಗಳು ಬೇಕಾಗಿದ್ದವು. ಸಿಂಹಾಸನ, ಸೈನ್ಯ, ಭಂಡಾರ ಇವೆಲ್ಲ ಇದ್ದರೂ ಒಂದು ಗಂಟಲ ಬೇನೆಯ ಮುಂದೆ ನಿಷ್ಪ್ರಯೋಜಕವಾದುವು. ರಾಜನ ಅರಮನೆಗೂ ಬಡವನ ಗುಡಿಸಲಿಗೂ ರೋಗವು ಭೇದವೆಣಿಸದೆಂಬುದನ್ನು ಆ ಬಾಲಕನು ಪುಸ್ತಕದಿಂದ ಕಲಿಯಬೇಕಾಗಲಿಲ್ಲ.

ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ಎಂಟು ವರ್ಷ ರಾಜ್ಯವನ್ನು ಧೈರ್ಯದಿಂದ ನಡೆಸಿದರು. ಆ ಕಾಲವೂ ಸುಖದ ಕಾಲವಾಗಿರಲಿಲ್ಲ. 1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು 1898ರಲ್ಲಿ ಬೆಂಗಳೂರನ್ನು ಹೊಕ್ಕಿತು. ಅನಂತರ ರಾಜ್ಯದ ಊರೂರಿಗೂ ಹರಡಿತು. ಇಲಿ ಸತ್ತು ಬಿದ್ದುದನ್ನು ಕಂಡರೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಮನೆ ಬಿಟ್ಟು ಬಯಲಿಗೆ ಹೋಗುವ ಈ ಪದ್ಧತಿಯೂ ಒಂದು ಬಗೆಯ ಮುನ್ನೆಚ್ಚರಿಕೆಯೇ. ಆದರೆ ಇಕ್ಕಟ್ಟಾದ ಕೇರಿ, ಗಾಳಿಬೆಳಕಿಲ್ಲದ ಮನೆ, ಕೊಳೆತ ಚರಂಡಿ ಇವು ಹಾಗೆಯೇ ಉಳಿದರೆ, ಜನ ಮರಳಿ ಬಂದಾಗ ರೋಗವೂ ಮರಳಿ ಬರುತ್ತದೆ. ಈ ಅರಿವಿನಿಂದ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಮುಂತಾದ ವಿಶಾಲ ಬಡಾವಣೆಗಳು ಬೆಳೆದುವು.

1902ರ ಆಗಸ್ಟ್ 8ರಂದು ಹದಿನೆಂಟರ ತರುಣ ಒಡೆಯರು ರಾಜ್ಯಭಾರವನ್ನು ಕೈಗೊಂಡರು. ಮರುವರ್ಷವೇ, ಅಂದರೆ 1903ರಲ್ಲಿ, ಮೈಸೂರು ನಗರದ ಸುಧಾರಣೆಗಾಗಿ ಒಂದು ಮಂಡಲಿ ಏರ್ಪಟ್ಟಿತು. ಅಗಲವಾದ ಬೀದಿ, ಮುಚ್ಚಿದ ಚರಂಡಿ, ಶುದ್ಧವಾದ ನೀರು, ಮನೆಗಳ ನಡುವೆ ಬಯಲು ಇವನ್ನು ಒದಗಿಸುವುದು ಅದರ ಕೆಲಸ. ನೋಡುವವರಿಗೆ ಇದು ನಗರದ ಅಲಂಕಾರವಾಗಿ ತೋರಬಹುದು. ತತ್ತ್ವತಃ ಅದು ರೋಗಕ್ಕೆ ಹಾಕಿದ ಬೇಲಿ.

ಮೃತ್ಯುವು ಅರಮನೆಯನ್ನು ಮತ್ತೆ ತಟ್ಟಿತು. ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯರೋಗಕ್ಕೆ ತುತ್ತಾದರು. ಅವರ ಹೆಣ್ಣುಮಕ್ಕಳನ್ನೂ ಅದೇ ವ್ಯಾಧಿ ಕೊಂಡೊಯ್ದಿತು. ಸಾಮಾನ್ಯರು ಇಂತಹ ಶೋಕವನ್ನು ಮನೆಯ ಗೋಡೆಯೊಳಗೆ ಅಡಗಿಸಿಕೊಳ್ಳುತ್ತಾರೆ. ಅಂದಿನ ಕಾಲದಲ್ಲಿ ಕ್ಷಯವೆಂದರೆ ಹೆಸರೆತ್ತಲೂ ನಾಚುವ ರೋಗ. ಒಡೆಯರು ಆ ನಾಚಿಕೆಯನ್ನು ಬದಿಗಿಟ್ಟು, ಸೋದರಿಯ ಹೆಸರಿನಲ್ಲಿಯೇ ಮೈಸೂರಿನಲ್ಲಿ ಕ್ಷಯಾರೋಗ್ಯಧಾಮವನ್ನು ನಿರ್ಮಿಸಿದರು. 1921ರಲ್ಲಿ ಅದು ಆರಂಭವಾಯಿತು. ಆ ಕಾಲಕ್ಕೆ ಕ್ಷಯವನ್ನು ಗುಣಪಡಿಸುವ ಮದ್ದಿರಲಿಲ್ಲ. ರೋಗಿಯನ್ನು ಬೇಗ ಗುರುತಿಸುವುದು, ಒಳ್ಳೆಯ ಗಾಳಿ, ಆಹಾರ, ವಿಶ್ರಾಂತಿಗಳನ್ನು ಕೊಡುವುದು, ಮನೆಮಂದಿಗೆ ರೋಗ ಹರಡದಂತೆ ನೋಡಿಕೊಳ್ಳುವುದು ಇಷ್ಟೇ ಸಾಧ್ಯವಿತ್ತು. ಒಬ್ಬನ ಆರೈಕೆ ಹತ್ತು ಜನರ ರಕ್ಷೆಯಾಗುವ ಬಗೆ ಇದು. ಸ್ವಂತ ದುಃಖವು ಪರಹಿತವಾಗಿ ಮಾರ್ಪಡುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಇನ್ನು ಮಂಡ್ಯದ ವಿಷಯ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳು ಆಗ ಮೈಸೂರು ಜಿಲ್ಲೆಗೆ ಸೇರಿದ್ದವು. ಕಾವೇರಿ ಹತ್ತಿರದಲ್ಲಿಯೇ ಹರಿಯುತ್ತಿದ್ದರೂ ಇಲ್ಲಿನ ಬಹುಭಾಗ ಮಳೆಯನ್ನು ನಂಬಿದ ರಾಗಿಯ ಹೊಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು; ಸುತ್ತಣ ಒಕ್ಕಲಿನ ಬಾಯಾರಿಕೆ ಮಾತ್ರ ತೀರಲಿಲ್ಲ. 1911ರಲ್ಲಿ ಕನ್ನಂಬಾಡಿಯಲ್ಲಿ ಅಣೆಯ ಕೆಲಸ ಮೊದಲಾಯಿತು. ವಿಶ್ವೇಶ್ವರಯ್ಯನವರ ಪ್ರತಿಭೆ, ಒಡೆಯರ ದೃಢಸಂಕಲ್ಪ, ಸಾವಿರಾರು ಶ್ರಮಜೀವಿಗಳ ಬೆವರು ಇವು ಕೂಡಿ ಎರಡು ದಶಕಗಳಲ್ಲಿ ಆ ಮಹಾಕಾರ್ಯ ಮುಗಿಯಿತು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ ಇರ್ವಿನ್ ನಾಲೆಯನ್ನು ತೋಡಲಾಯಿತು. ಅದೇ ಮುಂದೆ ವಿಶ್ವೇಶ್ವರಯ್ಯ ನಾಲೆಯೆನಿಸಿತು. ಹುಲಿಕೆರೆಯ ಬಳಿ ಒಂದೂವರೆ ಮೈಲಿಗೂ ಮಿಕ್ಕ ಉದ್ದದ ಸುರಂಗವನ್ನು ಹಾಯ್ದು ಕಾವೇರಿ ಮಂಡ್ಯದ ಕಡೆಗೆ ಇಳಿದಳು. 1,20,000 ಎಕರೆಗೆ ನೀರುಣಿಸುವುದು ಯೋಜನೆಯ ಗುರಿ. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪಿತವಾಯಿತು. ರಾಗಿಯ ನೆಲದಲ್ಲಿ ಕಬ್ಬು ತಲೆಯೆತ್ತಿತು.

ಆದರೆ ನೀರು ಬಂದ ದಾರಿಯಲ್ಲಿಯೇ ಚಳಿಜ್ವರವೂ ಬರುವುದೆಂಬುದು ಆ ವೇಳೆಗೆ ತಿಳಿದಿತ್ತು. 1895ರಿಂದ ಕೆಲಕಾಲ ಬೆಂಗಳೂರಿನಲ್ಲಿ ಕಾಲರಾ ನಿವಾರಣೆಯ ಕೆಲಸದಲ್ಲಿದ್ದ ರೊನಾಲ್ಡ್ ರಾಸ್ ಎಂಬ ವೈದ್ಯರು, 1897ರಲ್ಲಿ ಸಿಕಂದರಾಬಾದಿನಲ್ಲಿ, ಮಲೇರಿಯಾ ಹರಡುವುದು ಸೊಳ್ಳೆಯಿಂದಲೇ ಎಂಬ ಸತ್ಯವನ್ನು ಬಯಲಿಗೆ ತಂದಿದ್ದರು. ಹಿರಿಯೂರಿನ ಬಳಿ ಮಾರಿಕಣಿವೆಗೆ ಕಟ್ಟೆ ಕಟ್ಟಿ ವಾಣಿವಿಲಾಸ ಸಾಗರವಾದ ಮೇಲೆ ಆ ಸೀಮೆಯ ಚಳಿಜ್ವರ ಒಕ್ಕಲು ಮಕ್ಕಳನ್ನು ಕಾಡಿದ್ದುದನ್ನು ಸರ್ಕಾರ ಕಂಡಿತ್ತು. ಹೊಲಕ್ಕೆ ನೀರಿದ್ದರೂ ನೇಗಿಲು ಹಿಡಿಯುವ ಕೈಗೆ ತ್ರಾಣವಿಲ್ಲದಿದ್ದರೆ ಬೆಳೆ ಎಲ್ಲಿಂದ ಬರಬೇಕು? ಕಾಲುವೆಯ ಲೆಕ್ಕದಲ್ಲಿ ಎಕರೆಗಳನ್ನಷ್ಟೇ ಅಲ್ಲ, ಮನುಷ್ಯರ ಉಸಿರನ್ನೂ ಎಣಿಸಬೇಕೆಂಬ ಪಾಠ ಇದು.

ಆದುದರಿಂದ ಮೈಸೂರು ಸರ್ಕಾರವು 1920ರ ದಶಕದ ಕೊನೆಯ ಭಾಗದಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವನ್ನು ಪಡೆಯಿತು. ಆ ಪ್ರತಿಷ್ಠಾನದ ಡಾಕ್ಟರ್ ಸ್ವೀಟ್ ಎಂಬವರು ಸಂಸ್ಥಾನದ ವೈದ್ಯರೊಡನೆ ಕೂಡಿ ಮಲೇರಿಯಾದ ಶೋಧನೆ ನಡೆಸಿದರು. ಸೊಳ್ಳೆಯ ಮರಿಗಳನ್ನು ತಿನ್ನುವ ಗಾಂಬೂಸಿಯಾ ಎಂಬ ಕಿರುಮೀನನ್ನು 1928ರಲ್ಲಿ ಇಟಲಿಯಿಂದ ಬೆಂಗಳೂರಿಗೆ ತರಿಸಲಾಯಿತು. ಅದೇ ಕಾಲದಲ್ಲಿ, 1929ರ ಸುಮಾರಿಗೆ, ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವೊಂದು ಆರಂಭವಾಯಿತು. ಭಾರತದಲ್ಲಿ ಇಂತಹ ಘಟಕಗಳ ಪೈಕಿ ಅದು ಮೊದಮೊದಲಿನದು. ಆಸ್ಪತ್ರೆಯು ರೋಗಿಯ ಬರವನ್ನು ಕಾದು ಕುಳಿತಿರುತ್ತದೆ. ಆರೋಗ್ಯ ಘಟಕವು ರೋಗಿಯಾಗದವನ ಮನೆಗೆ ತಾನೇ ಹೋಗುತ್ತದೆ. ಸಿಡುಬಿಗೆ ದೇವಿ ಹಾಕುವುದು, ಬಾವಿಯ ನೀರನ್ನು ಶುದ್ಧಿಗೊಳಿಸುವುದು, ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವುದು, ಕಕ್ಕಸು ಗುಂಡಿಗಳನ್ನು ತೋಡಿಸುವುದು, ಜನನ ಮರಣಗಳನ್ನು ತಪ್ಪದೆ ಬರೆದಿಡುವುದು, ಜ್ವರದ ಸುಳಿವನ್ನು ಮೊದಲಲ್ಲಿಯೇ ಹಿಡಿಯುವುದು ಇವು ಇಂತಹ ಘಟಕಗಳ ಕಾಯಕ.

ಚಳಿಜ್ವರದ ತಡೆಯಲ್ಲಿ ಕಾಲವೇ ಮುಖ್ಯ. ನಾಲೆಯ ಅಂಚಿನ ಹುಲ್ಲಿನಲ್ಲಿ, ಸೋರಿ ನಿಂತ ತಿಳಿನೀರಿನಲ್ಲಿ, ಹೊಸದಾಗಿ ನಾಟಿ ಮಾಡಿದ ಗದ್ದೆಯಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಮರಿಯಾಗಿ ರೆಕ್ಕೆ ಬರಲು ನಮ್ಮ ಸೀಮೆಯ ಬಿಸಿಲಿನಲ್ಲಿ ಸುಮಾರು ಎಂಟು ಹತ್ತು ದಿನ ಬೇಕು. ವಾರಕ್ಕೊಮ್ಮೆ ಆ ನೀರನ್ನು ಬತ್ತಿಸಿದರೆ, ಇಲ್ಲವೆ ಮೇಲೆ ಎಣ್ಣೆಯನ್ನೋ ಮರಿಕೊಲ್ಲುವ ಪುಡಿಯನ್ನೋ ಹರಡಿದರೆ, ಒಂದು ಪೀಳಿಗೆಯೇ ಹುಟ್ಟದೆ ಹೋಗುತ್ತದೆ. ಎಂಟು ದಿನದ ಎಚ್ಚರಿಕೆ ತಪ್ಪಿದರೆ ಎಂಟು ತಿಂಗಳ ನರಳಾಟ. ಕಾಲುವೆ ಸೋರದಂತೆ ಕಟ್ಟುವುದು, ಹೆಚ್ಚಿನ ನೀರು ಹರಿದುಹೋಗಲು ಬಸಿಗಾಲುವೆ ತೋಡುವುದು, ಊರಿಗೆ ತೀರ ಹತ್ತಿರ ಗದ್ದೆ ಮಾಡದಿರುವುದು ಇವೂ ಔಷಧಗಳೇ. ಇವನ್ನು ಕೊಡುವವನು ವೈದ್ಯನಲ್ಲ. ಎಂಜಿನಿಯರನೂ ರೈತನೂ ಕೊಡಬೇಕು.

ಈ ಕೆಲಸವೆಲ್ಲ ನಿರ್ವಿಘ್ನವಾಗಿ ಫಲಿಸಿತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ನೀರಿನ ಓಟ ವೇಗವಾದುದು. ಆರೋಗ್ಯದ ನಡಿಗೆ ನಿಧಾನವಾದುದು. ನಾಲೆಯ ಬಯಲಿನಲ್ಲಿ ಚಳಿಜ್ವರ ಬಹುಕಾಲ ನಿಂತಿತು. ಸ್ವತಂತ್ರ ಭಾರತವು 1953ರಲ್ಲಿ ರಾಷ್ಟ್ರವ್ಯಾಪಿಯಾದ ಮಲೇರಿಯಾ ನಿಯಂತ್ರಣ ಕಾರ್ಯವನ್ನು ಕೈಗೊಂಡ ಮೇಲೆಯೇ ಅದರ ಬಿಗಿ ಸಡಿಲವಾಯಿತು. ಮುಂದೆಯೂ ಅಲಕ್ಷ್ಯವಾದಾಗಲೆಲ್ಲ ಅದು ಮರುಕಳಿಸದೆ ಬಿಡಲಿಲ್ಲ. ಆದರೆ ಬಿತ್ತಿದವನ ಹಿರಿಮೆ ಸುಗ್ಗಿಯ ದಿನ ಮಾತ್ರ ಅಳೆಯುವುದಲ್ಲ. ಮಂಡ್ಯದಲ್ಲಿ ಪಳಗಿದ ಪದ್ಧತಿ ರಾಮನಗರದ ಆರೋಗ್ಯ ಶಿಕ್ಷಣ ಕೇಂದ್ರದಲ್ಲಿ ಮುಂದುವರಿಯಿತು. ದೇಶದಾದ್ಯಂತ ಹಳ್ಳಿಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತಲೆಯೆತ್ತಿದಾಗ ಅವುಗಳ ಹಿಂದೆ ಇಂತಹ ಪ್ರಯೋಗಗಳ ಅನುಭವವಿತ್ತು. ದೇವಿ ಹಾಕಿಸಿಕೊಳ್ಳಲು ಹೆದರಿ ಅಟ್ಟದಲ್ಲಿ ಅಡಗುತ್ತಿದ್ದ ಮಕ್ಕಳ ಮೊಮ್ಮಕ್ಕಳ ಕಾಲಕ್ಕೆ ಸಿಡುಬೇ ಲೋಕದಿಂದ ನಿರ್ಮೂಲವಾಯಿತೆಂದು 1980ರಲ್ಲಿ ಘೋಷಣೆಯಾಯಿತು.

1939ರ ಜುಲೈ 1ರಂದು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಅದಾದ ಮರುವರ್ಷ, 1940ರ ಆಗಸ್ಟ್ 3ರಂದು, ಐವತ್ತಾರನೆಯ ವಯಸ್ಸಿನಲ್ಲಿ ಒಡೆಯರು ಬೆಂಗಳೂರಿನಲ್ಲಿ ದೇಹವಿಟ್ಟರು. ಅವರಿಗೆ ಸಂತಾನವಿರಲಿಲ್ಲ, ಸೋದರನ ಮಗ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ವೀಣೆ ಬಲ್ಲವರು, ಮಿತಭಾಷಿಗಳು, ನಿತ್ಯಪೂಜಾನಿಷ್ಠರು, 1931ರಲ್ಲಿ ಕೈಲಾಸಯಾತ್ರೆ ಮಾಡಿದವರು ಎಂದು ಅವರನ್ನು ಭಕ್ತಿಯಿಂದ ನೆನೆಯುವವರಿದ್ದಾರೆ. ತನಗೆ ಬಂದುದನ್ನು ತನ್ನದೆನ್ನದೆ ಜಂಗಮಕ್ಕೆ ಒಪ್ಪಿಸುವುದು ದಾಸೋಹವಾದರೆ, ಭಂಡಾರದ ಹಣವನ್ನು ಪ್ರಜೆಯ ಆರೋಗ್ಯಕ್ಕೆ ಒಪ್ಪಿಸಿದುದೂ ಆ ದಾಸೋಹದ ನೆರಳೇ ಸರಿ.

ಆದರೆ ಅರಸನು ಹಾಕಿದ ಬೇಲಿಗೆ ಮುಳ್ಳು ಕಟ್ಟುವವನು ಗೃಹಸ್ಥನೇ. ಯಾವ ಗಂಟಲುಮಾರಿ ಒಂದು ರಾಜಮನೆತನವನ್ನು ತಬ್ಬಲಿಯಾಗಿಸಿತೋ ಅದಕ್ಕೆ ಇಂದು ಕೂಸಿಗೆ ಆರು, ಹತ್ತು, ಹದಿನಾಲ್ಕು ವಾರಗಳಾದಾಗ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹಣವಿಲ್ಲದೆ ಲಸಿಕೆ ದೊರೆಯುತ್ತದೆ. ಅರಸನ ಭಂಡಾರಕ್ಕೂ ಅಂದು ದೊರೆಯದ ಭಾಗ್ಯವು ಇಂದು ಕೂಲಿಯವನ ಜೋಳಿಗೆಯಲ್ಲಿದೆ. ಅದನ್ನು ಅಲಕ್ಷ್ಯದಿಂದ ಚೆಲ್ಲುವುದು ಪ್ರಮಾದ. ಎರಡು ವಾರ ಮೀರಿದ ಕೆಮ್ಮನ್ನು ಮುಚ್ಚಿಡದೆ ಕಫವನ್ನು ಪರೀಕ್ಷೆಗೆ ಕೊಡುವುದು, ಹಿತ್ತಲಿನ ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ತೊಳೆಯುವುದು, ಬಸುರಿಯನ್ನು ಮೊದಲ ತಿಂಗಳುಗಳಲ್ಲಿಯೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು ಇವು ಸಣ್ಣ ಕಾರ್ಯಗಳು. ಶರಣಬಂಧುಗಳು ಪ್ರಾತಃಕಾಲದಲ್ಲಿ ಮೈತೊಳೆದು ಇಷ್ಟಲಿಂಗವನ್ನು ಕರದಲ್ಲಿ ಹಿಡಿಯುವ ಮುನ್ನ ಅಂಗಳದ ನಿಂತ ನೀರಿನ ಕಡೆಗೂ ಒಮ್ಮೆ ನೋಡಿದರೆ, ಆ ನೋಟವೂ ಪೂಜೆಯ ಅಂಗವೇ ಆಗುತ್ತದೆ.