ಲೈಮ್ ರೀಜಿಸ್‌ನ ಮೇರಿ ಆನಿಂಗ್

ಇಂಗ್ಲೆಂಡಿನ ದಕ್ಷಿಣ ಕಡಲತೀರದಲ್ಲಿ ಲೈಮ್ ರೀಜಿಸ್ ಎಂಬ ಪುಟ್ಟ ಊರಿದೆ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ 2017ರಲ್ಲಿ ಹೊಸ ವಿಭಾಗವೊಂದು ತೆರೆಯಿತು. ಅದಕ್ಕೆ ಮೇರಿ ಆನಿಂಗ್ ಎಂಬ ಮಹಿಳೆಯ ಹೆಸರಿಟ್ಟಿದ್ದಾರೆ. ಸಂಗ್ರಹಾಲಯ ನಿಂತಿರುವ ಜಾಗದಲ್ಲೇ ಹಿಂದೆ ಆಕೆಯ ಮನೆಯಿತ್ತು. ಆದರೆ ಮಕ್ಕಳೇ, ಆಕೆ ಬದುಕಿದ್ದಾಗ ಆಕೆ ಹುಡುಕಿದ ಪಳೆಯುಳಿಕೆಗಳನ್ನು ಪ್ರದರ್ಶನಕ್ಕಿಟ್ಟರೆ, ಅಲ್ಲಿ ಕಾಣುತ್ತಿದ್ದುದು ಸಾಮಾನ್ಯವಾಗಿ ಅವನ್ನು ಕೊಂಡ ಸಿರಿವಂತರ ಹೆಸರು!

ಮೇರಿ ಹುಟ್ಟಿದ್ದು 1799ರಲ್ಲಿ. ತಂದೆ ಬಡಗಿ. ಕಡಲಂಚಿನ ಬಂಡೆಗಳಲ್ಲಿ ಸಿಗುವ ಪಳೆಯುಳಿಕೆಗಳನ್ನು ಪ್ರವಾಸಿಗರಿಗೆ ಮಾರುವುದು ಅವರ ಉಪಕಸುಬು. 1810ರಲ್ಲಿ ತಂದೆ ತೀರಿಕೊಂಡಾಗ ಮನೆಯವರಿಗೆ ಉಳಿದದ್ದು ಸಾಲ ಮಾತ್ರ. ಆಗ ಆ ಉಪಕಸುಬೇ ಹೊಟ್ಟೆಪಾಡಾಯಿತು.

ಆ ಬಂಡೆಗಳು ಸುಮಾರು 20 ಕೋಟಿ ವರ್ಷಗಳ ಹಿಂದಿನ ಸಮುದ್ರತಳದ ಕೆಸರು ಗಟ್ಟಿಯಾಗಿ ಆದವು. ಚಳಿಗಾಲದ ಬಿರುಗಾಳಿಗೆ ಅವು ಕುಸಿದಾಗ ಒಳಗಿನ ಪಳೆಯುಳಿಕೆಗಳು ಹೊರಗೆ ಕಾಣುತ್ತವೆ. ಅಲೆಗಳು ಕೊಚ್ಚಿಕೊಂಡು ಹೋಗುವ ಮೊದಲೇ ಅವನ್ನು ಹೆಕ್ಕಬೇಕು. ಕುಸಿಯುವ ಬಂಡೆಯ ಕೆಳಗೇ ಕೆಲಸ! 1833ರಲ್ಲಿ ಮೇರಿಯ ಕಣ್ಣೆದುರೇ ಅವಳ ನಾಯಿ ಟ್ರೇ ಹೀಗೆ ಮಣ್ಣು ಕುಸಿದು ಸತ್ತುಹೋಯಿತು.

1811ರಲ್ಲಿ ಅಣ್ಣ ಜೋಸೆಫ್‌ಗೆ ಉದ್ದ ಮೂತಿಯ ಒಂದು ತಲೆಬುರುಡೆ ಸಿಕ್ಕಿತು. ಮೊಸಳೆಯದಿರಬಹುದೆಂದು ಎಲ್ಲರೂ ತಿಳಿದರು. ಮರುವರ್ಷ ಮೇರಿ ಅದರ ಉಳಿದ ಮೂಳೆಗಳನ್ನು ಪತ್ತೆಮಾಡಿದಳು. ಆಗ ಅವಳಿಗೆ ಸುಮಾರು 12 ವರ್ಷ, ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಅದು ಮೊಸಳೆಯಲ್ಲ, ಎಂದೋ ಅಳಿದುಹೋದ ಕಡಲ ಸರೀಸೃಪ. ಮುಂದೆ ಅದಕ್ಕೆ ಇಕ್ತಿಯೋಸಾರ್, ಅಂದರೆ ಮೀನುಹಲ್ಲಿ ಎಂದು ಹೆಸರಾಯಿತು. ಆನಿಂಗ್ ಕುಟುಂಬಕ್ಕೆ ಸಿಕ್ಕಿದ್ದು 23 ಪೌಂಡ್.

1823ರಲ್ಲಿ ಮೇರಿ ಉದ್ದ ಕತ್ತಿನ ಪ್ಲೀಸಿಯೋಸಾರ್‌ನ ಅಸ್ಥಿಪಂಜರವನ್ನು ಹೊರತೆಗೆದಳು. ಜಿರಾಫೆಯ ಕತ್ತಿನಲ್ಲೂ ನಮ್ಮಂತೆ 7 ಮೂಳೆಗಳಷ್ಟೆ. ಇದರ ಕತ್ತಿನಲ್ಲೋ 30ಕ್ಕೂ ಹೆಚ್ಚು! ಪ್ಯಾರಿಸ್‌ನ ಹೆಸರಾಂತ ವಿಜ್ಞಾನಿ ಕ್ಯೂವಿಯೆ ಅದನ್ನು ನಂಬಲಿಲ್ಲ. ಯಾರೋ ಎರಡು ಪ್ರಾಣಿಗಳ ಮೂಳೆ ಜೋಡಿಸಿರಬೇಕೆಂದು ಶಂಕಿಸಿದ. ಮೋಸವೆಂದು ತೀರ್ಮಾನವಾಗಿದ್ದರೆ ಮುಂದೆ ಮೇರಿಯಿಂದ ಕೊಳ್ಳುವವರು ಯಾರು? 1824ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘ ಈ ಪ್ರಾಣಿಯನ್ನು ಚರ್ಚಿಸಿತು. ಮಹಿಳೆಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಕೊನೆಗೆ ಅಸ್ಥಿಪಂಜರ ನಿಜವಾದದ್ದೇ ಎಂದು ಕ್ಯೂವಿಯೆ ಒಪ್ಪಿಕೊಂಡ.

ಮೇರಿ ಬರೀ ಹೆಕ್ಕಿ ಮಾರುವವಳಾಗಿರಲಿಲ್ಲ. ವಿಜ್ಞಾನ ಲೇಖನಗಳನ್ನು ಕೈಯಲ್ಲೇ ನಕಲು ಮಾಡಿಕೊಂಡು ಓದುತ್ತಿದ್ದಳು. ಪಳೆಯುಳಿಕೆಗಳನ್ನು ಅರಿಯಲು ಮೀನುಗಳನ್ನು ಕೊಯ್ದು ನೋಡುತ್ತಿದ್ದಳು. ಇಕ್ತಿಯೋಸಾರ್‌ನ ಹೊಟ್ಟೆಯ ಭಾಗದಲ್ಲಿ ವಿಚಿತ್ರ ಕಲ್ಲುಗಳು ಸಿಗುವುದನ್ನು ಅವಳು ಗಮನಿಸಿದಳು. ಒಡೆದರೆ ಒಳಗೆ ಮೀನಿನ ಮೂಳೆ, ಹುರುಪೆ! ನಗಬೇಡಿ, ಅದು ಕಲ್ಲಾಗಿದ್ದ ಮಲ. ಅಳಿದುಹೋದ ಪ್ರಾಣಿ ಏನು ತಿನ್ನುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? 1829ರಲ್ಲಿ ಬಕ್‌ಲ್ಯಾಂಡ್ ಎಂಬ ವಿಜ್ಞಾನಿ ಇದನ್ನು ಲೋಕಕ್ಕೆ ತಿಳಿಸಿದ.

1847ರಲ್ಲಿ, 47ನೆಯ ವಯಸ್ಸಿನಲ್ಲಿ, ಮೇರಿ ಕ್ಯಾನ್ಸರ್‌ನಿಂದ ತೀರಿಕೊಂಡಳು. ಆ ಭೂವಿಜ್ಞಾನ ಸಂಘ ಮಹಿಳೆಯರನ್ನು ತನ್ನ ಸಭೆಗಳಿಗೆ ಬಿಟ್ಟುಕೊಂಡದ್ದು 1904ರಲ್ಲಿ.

ಲೈಮ್ ರೀಜಿಸ್‌ನಲ್ಲಿ ಈಗ ಮೇರಿಯ ಕಂಚಿನ ಪ್ರತಿಮೆಯೂ ಇದೆ. ಅದಕ್ಕಾಗಿ ಹಟ ಹಿಡಿದು ಅಭಿಯಾನ ನಡೆಸಿದವಳು ಒಬ್ಬ ಶಾಲಾ ಬಾಲಕಿ, ಜೊತೆಗೆ ಅವಳ ತಾಯಿ. 2022ರ ಮೇ 21ರಂದು, ಮೇರಿಯ ಹುಟ್ಟುಹಬ್ಬದ ದಿನವೇ, ಅದರ ಅನಾವರಣವಾಯಿತು. ಕೈಯಲ್ಲಿ ಸುತ್ತಿಗೆ ಹಿಡಿದು ಬಂಡೆಗಳ ಕಡೆ ಹೊರಟಿದ್ದಾಳೆ ಮೇರಿ. ಕಾಲ ಬಳಿ ಟ್ರೇ.