ವಿಮಾನಶಿಲ್ಪಿ ಡಾ. ವಿಷ್ಣು ಮಾಧವ ಘಾಟಗೆ

ಬೆಂಗಳೂರಿನಿಂದ ಬಳ್ಳಾರಿಯತ್ತ ಸಾಗುವ ಹೆದ್ದಾರಿಯಲ್ಲಿ ಹೆಬ್ಬಾಳದ ಕೆರೆಯನ್ನು ಹಿಂದಿಕ್ಕಿ ಯಲಹಂಕದ ದಾರಿ ಹಿಡಿದವರಿಗೆ ಬಲಗಡೆಯಲ್ಲಿ ಜಕ್ಕೂರಿನ ವಿಮಾನಕ್ಷೇತ್ರವು ಗೋಚರಿಸುತ್ತದೆ. ಸ್ವಾತಂತ್ರ್ಯಪ್ರಾಪ್ತಿಯಾದ ಒಂದೆರಡು ವರ್ಷಗಳೊಳಗೆ, ಮಹಾರಾಜ ಶ್ರೀ ಜಯಚಾಮರಾಜ ಒಡೆಯರ ಪ್ರೋತ್ಸಾಹದಿಂದ, ಇಲ್ಲಿ ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆಯು ನೆಲೆಗೊಂಡಿತು. ಸುತ್ತಲೂ ರಾಗಿಹೊಲಗಳೂ ತೋಪುಗಳೂ ಇದ್ದ ಕಾಲವದು. ಆ ಶಾಲೆಯ ಮೊದಲ ವಿದ್ಯಾರ್ಥಿಗಳಲ್ಲಿ ಶ್ರೀಮತಿ ಉಷಾ ಸುಂದರಂ ಒಬ್ಬರು. ಅವರಿಗೆ ವಿದ್ಯೆಯನ್ನು ಹೇಳಿಕೊಟ್ಟವರು ಅವರ ಪತಿಯೇ ಆದ ಕ್ಯಾಪ್ಟನ್ ವಿ. ಸುಂದರಂ. ಸ್ವತಂತ್ರ ಭಾರತದ ಮೊದಲ ಮಹಿಳಾ ವಿಮಾನಚಾಲಕಿ ಎಂಬ ಕೀರ್ತಿ ಆ ತಾಯಿಗೆ ಸಂದಿತು.

ಹಾರುವ ವಿದ್ಯೆಯಲ್ಲಿ ಗುರುವುಂಟು, ಶಿಷ್ಯನುಂಟು. ಇವರಿಬ್ಬರನ್ನೂ ಹೊತ್ತೊಯ್ಯುವ ಮೂರನೆಯದೊಂದುಂಟು. ಅದೇ ಎರಡು ಆಸನಗಳ ಪುಟ್ಟ ವಿಮಾನ. ಗುರುಶಿಷ್ಯರ ಹೆಸರುಗಳನ್ನು ಜನ ನೆನೆಯುತ್ತಾರೆ. ವಿಮಾನವನ್ನು ಕಟ್ಟಿಕೊಟ್ಟವನನ್ನು ನೆನೆಯುವವರು ವಿರಳ. ಭಾರತದ ತರುಣರು ಪರದೇಶದ ವಿಮಾನಗಳಲ್ಲಿಯೇ ಹಾರಲು ಕಲಿಯುತ್ತಿದ್ದ ಕಾಲದಲ್ಲಿ, ಈ ನೆಲದಲ್ಲಿಯೇ ರೂಪುಗೊಂಡ ಶಿಕ್ಷಣವಿಮಾನವನ್ನು ಅವರಿಗೆ ಒದಗಿಸಿದ ಮಹನೀಯರು ಡಾ. ವಿಷ್ಣು ಮಾಧವ ಘಾಟಗೆಯವರು.

ಘಾಟಗೆಯವರು 1908ರ ಅಕ್ಟೋಬರ್ 24ರಂದು ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ಸೀಮೆಯ ಹಸೂರಚಂಪು ಗ್ರಾಮದಲ್ಲಿ ಜನಿಸಿದರು. ಬೆಳಗಾವಿ ಜಿಲ್ಲೆಯ ಸಂಕೇಶ್ವರದಿಂದ ಬಹುದೂರವಲ್ಲದ ಆ ಸೀಮೆಯಲ್ಲಿ ಕನ್ನಡ ಮರಾಠಿಗಳೆರಡೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. ಕೊಲ್ಹಾಪುರದಲ್ಲಿ ಆಗ ಶಾಹು ಮಹಾರಾಜರ ಆಡಳಿತ. ನಾನಾ ಸಮಾಜಗಳ ಬಡಮಕ್ಕಳಿಗಾಗಿ ವಿದ್ಯಾರ್ಥಿನಿಲಯಗಳನ್ನು ತೆರೆಯಿಸಿದ ಆ ಪ್ರಭುವಿನ ಕಾಲದಲ್ಲಿ ವಿದ್ಯೆಯ ಹಂಬಲವು ಹಳ್ಳಿಹಳ್ಳಿಗೂ ಹಬ್ಬಿತ್ತು. ಘಾಟಗೆಯವರು ಮುಂಬಯಿಯಲ್ಲಿ ವಿಜ್ಞಾನದ ಉನ್ನತ ವ್ಯಾಸಂಗವನ್ನು ಪೂರೈಸಿ, ವಿಮಾನಶಾಸ್ತ್ರದ ಅಧ್ಯಯನಕ್ಕಾಗಿ ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯಕ್ಕೆ ತೆರಳಿದರು.

ಅಲ್ಲಿ ಅವರಿಗೆ ದೊರೆತ ಗುರು ಲುಡ್ವಿಗ್ ಪ್ರಾಂಟ್ಲ್. ಆಧುನಿಕ ವಾಯುಗತಿಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಅಗ್ರಗಣ್ಯರಾದ ಈ ವಿದ್ವಾಂಸರು, ಹರಿಯುವ ಗಾಳಿಯಲ್ಲಿರುವ ವಸ್ತುವಿನ ಮೈಗೆ ಅಂಟಿದಂತೆ ಅತಿ ತೆಳುವಾದ ಗಾಳಿಯ ಪದರವೊಂದು ಇರುವುದೆಂದೂ, ರೆಕ್ಕೆಯ ಗುಣದೋಷಗಳ ಮರ್ಮವೆಲ್ಲ ಆ ಪದರದಲ್ಲಿಯೇ ಅಡಗಿರುವುದೆಂದೂ 1904ರಲ್ಲಿಯೇ ಪ್ರತಿಪಾದಿಸಿದ್ದರು. ಘಾಟಗೆಯವರು ಗಟಿಂಗನ್ನಿನಲ್ಲಿದ್ದ ವರ್ಷಗಳು ಜರ್ಮನಿಗೆ ಒಳ್ಳೆಯ ವರ್ಷಗಳಲ್ಲ. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದೊಡನೆ ಮ್ಯಾಕ್ಸ್ ಬಾರ್ನ್, ಎಮ್ಮಿ ನೊಯಿಥರ್ ಮೊದಲಾದ ಘನವಿದ್ವಾಂಸರು ಯಹೂದಿಗಳೆಂಬ ಒಂದೇ ಕಾರಣಕ್ಕೆ ಆ ವಿದ್ಯಾಪೀಠದಿಂದ ಹೊರದೂಡಲ್ಪಟ್ಟರು. ಅಂಥ ಪ್ರಕ್ಷುಬ್ಧ ಕಾಲದಲ್ಲಿ ಪರದೇಶದ ವಿದ್ಯಾರ್ಥಿಯೊಬ್ಬನು ತನ್ನ ವಿದ್ಯೆಯಲ್ಲಿಯೇ ಮನಸ್ಸನ್ನು ನಿಲ್ಲಿಸಿ 1936ರಲ್ಲಿ ಡಾಕ್ಟರೇಟ್ ಪದವಿಯೊಡನೆ ತಾಯ್ನಾಡಿಗೆ ಹಿಂದಿರುಗಿದುದು ಸಾಮಾನ್ಯ ಸಂಗತಿಯಲ್ಲ.

ಹಿಂದಿರುಗಿದವರಿಗೆ ಕಲಿತ ವಿದ್ಯೆಯನ್ನು ಪ್ರಯೋಗಿಸಲು ದೇಶದಲ್ಲಿ ಒಂದು ಕಾರ್ಖಾನೆಯೂ ಇರಲಿಲ್ಲ. ವಿಮಾನಶಾಸ್ತ್ರವನ್ನು ಬಲ್ಲವನಿಗೆ ವಿಮಾನವೇ ಇಲ್ಲದ ಸ್ಥಿತಿ! 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದಾಗ ಆ ಕೊರತೆ ನೀಗಿತು. ಆರಂಭದಲ್ಲಿಯೇ ಘಾಟಗೆಯವರು ಅಲ್ಲಿ ಸೇರಿದರು. ಅಮೆರಿಕದಿಂದ ಬಂದ ಭಾಗಗಳನ್ನು ಜೋಡಿಸಿ ವಿಮಾನಗಳನ್ನು ಸಿದ್ಧಗೊಳಿಸುವುದು ಅಂದಿನ ಮುಖ್ಯ ಕೆಲಸ. ಅದರ ನಡುವೆಯೇ ಘಾಟಗೆಯವರು ಹತ್ತು ಮಂದಿ ಯೋಧರನ್ನು ಒಯ್ಯಬಲ್ಲ ಎಂಜಿನ್ನಿಲ್ಲದ ಗ್ಲೈಡರ್ ಒಂದನ್ನು ವಿನ್ಯಾಸಗೊಳಿಸಿದರು. ಯುದ್ಧದ ಒತ್ತಡದಲ್ಲಿ ಆ ಕಾರ್ಯವು ಮುಂದುವರಿಯಲಿಲ್ಲ. ಕಾರ್ಖಾನೆಯು ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿಶಾಲೆಯಾಗಿ ಮಾರ್ಪಟ್ಟಿತು.

1942ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರ ವಿಭಾಗವು ಆರಂಭವಾದಾಗ ಅದರ ಹೊಣೆ ಘಾಟಗೆಯವರ ಹೆಗಲಿಗೇರಿತು. ಕೆಲವು ವರ್ಷಗಳ ಕಾಲ ಅವರು ಅಧ್ಯಾಪಕರಾಗಿದ್ದುದು ಮುಂದಿನ ಕಥೆಗೆ ಅತ್ಯಗತ್ಯ. ಪಾಠ ಹೇಳಿದವನಿಗೆ ಮಾತ್ರ ಕಲಿಯುವವನು ಎಲ್ಲಿ ಎಡವುತ್ತಾನೆಂಬುದು ತಿಳಿದಿರುತ್ತದೆ. ಶಿಕ್ಷಣವಿಮಾನವನ್ನು ರೂಪಿಸಲು ಬರಿಯ ಗಣಿತಜ್ಞನು ಸಾಲದು, ಉಪಾಧ್ಯಾಯನೂ ಬೇಕು.

1948ರ ಹೊತ್ತಿಗೆ ಘಾಟಗೆಯವರು ಕಾರ್ಖಾನೆಗೆ ಮರಳಿ ವಿನ್ಯಾಸ ವಿಭಾಗದ ನೇತೃತ್ವವನ್ನು ವಹಿಸಿದರು. ಆಗ ನಮ್ಮ ವಾಯುಪಡೆಯ ತರುಣರು ಕಲಿಯುತ್ತಿದ್ದುದು ಬಟ್ಟೆ ಹೊದಿಸಿದ, ಮೇಲೆ ಮುಚ್ಚಿಗೆಯಿಲ್ಲದ, ಬ್ರಿಟನ್ನಿನ ಟೈಗರ್ ಮಾತ್ ವಿಮಾನಗಳಲ್ಲಿ. ಅದರ ಉತ್ತರಾಧಿಕಾರಿಯೆಂದು ತಂದ ಪ್ರೆಂಟಿಸ್ ಎಂಬ ವಿಮಾನವೂ ಆಂಗ್ಲರದೇ. ಸ್ವತಂತ್ರ ರಾಷ್ಟ್ರದ ಬಾಲಕನು ಅಕ್ಷರಾಭ್ಯಾಸವನ್ನು ಎರವಲು ಹಲಗೆಯ ಮೇಲೆ ಮಾಡಬೇಕೇ ಎಂಬುದೇ ಅಂದಿನ ಪ್ರಶ್ನೆ. ಆದರೆ ಪ್ರಶ್ನೆಯ ಇನ್ನೊಂದು ಮುಖವೂ ಇತ್ತು. ವಿನ್ಯಾಸ ತಪ್ಪಿದರೆ ಒಂದು ಕಾರ್ಖಾನೆಯ ಹೆಸರು ಕೆಡುವುದಷ್ಟೇ ಅಲ್ಲ, ಹದಿನೆಂಟು ಇಪ್ಪತ್ತು ವಯಸ್ಸಿನ ಹುಡುಗರ ಪ್ರಾಣ ಹೋಗುವುದು. ಸ್ವದೇಶಾಭಿಮಾನವು ಗಾಳಿಯಲ್ಲಿ ಯಾರನ್ನೂ ಎತ್ತಿಹಿಡಿಯಲಾರದು.

ಶಿಕ್ಷಣವಿಮಾನದ ಕಷ್ಟವೇನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ. ಅದರಲ್ಲಿ ಚಾಲನದಂಡಗಳೂ ಕಾಲಿನ ಪೆಡಲುಗಳೂ ಎರಡೆರಡು ಇರುತ್ತವೆ, ಒಂದಕ್ಕೊಂದು ಜೋಡಿಸಲ್ಪಟ್ಟಿರುತ್ತವೆ. ಶಿಷ್ಯನು ದಂಡವನ್ನು ಎಡಕ್ಕೆ ವಾಲಿಸಿದರೆ ಗುರುವಿನ ಕೈಯಲ್ಲಿನ ದಂಡವೂ ವಾಲುತ್ತದೆ. ಆದುದರಿಂದ ಒಂದು ಮಾತನ್ನೂ ಆಡದೆ ಶಿಷ್ಯನ ಅಳುಕನ್ನು ಗುರುವು ಅಂಗೈಯಿಂದಲೇ ತಿಳಿಯಬಲ್ಲನು. ಮೊದಲ ದಿನಗಳ ಪಾಠವು ಸಮನಾಗಿ ನೇರವಾಗಿ ಹಾರುವುದು, ಮೆಲ್ಲನೆ ತಿರುಗುವುದು, ಏರುವುದು, ಇಳಿಯುವುದು. ಅನಂತರ ಬರುವುದು ಸ್ಟಾಲ್ ಎಂಬ ಘೋರವಾದ ಪಾಠ. ವಿಮಾನದ ಮೂತಿಯನ್ನು ಮಿತಿಮೀರಿ ಎತ್ತಿದಾಗ, ರೆಕ್ಕೆಯ ಮೈಯನ್ನು ಅಪ್ಪಿಕೊಂಡು ಹರಿಯುತ್ತಿದ್ದ ಗಾಳಿಯು ಅದನ್ನು ತೊರೆದು ಸುಳಿಗಟ್ಟುತ್ತದೆ. ಎತ್ತಿಹಿಡಿಯುವ ಬಲವು ಕುಸಿಯುತ್ತದೆ. ಗಟಿಂಗನ್ನಿನ ಗುರುವು ಬೋಧಿಸಿದ್ದ ಆ ತೆಳುಪದರದ ತತ್ತ್ವವು ಇಲ್ಲಿ ಶಿಷ್ಯನ ಹೊಟ್ಟೆಯನ್ನು ತಳಮಳಗೊಳಿಸುವ ಅನುಭವವಾಗಿ ಬರುತ್ತದೆ. ಬೀಳುತ್ತಿರುವಾಗ ದಂಡವನ್ನು ತನ್ನತ್ತ ಎಳೆದುಕೊಳ್ಳುವುದು ಮನುಷ್ಯಸಹಜ. ಆದರೆ ಬದುಕುವ ದಾರಿ ಅದನ್ನು ಮುಂದಕ್ಕೆ ತಳ್ಳುವುದು. ಸಹಜವಾದುದನ್ನು ಮರೆಯಿಸಿ ಸರಿಯಾದುದನ್ನು ಅಭ್ಯಾಸಗೊಳಿಸುವುದೇ ಆ ಗುರುವಿನ ಕಾಯಕ.

ವಿಮಾನವು ಅತಿಸಾಧುವಾಗಿದ್ದರೆ ಶಿಷ್ಯನ ತಪ್ಪುಗಳನ್ನೆಲ್ಲ ತಾನೇ ನುಂಗಿಕೊಂಡು ಅವನನ್ನು ಅರೆಬೆಂದವನಾಗಿ ಹೊರಗೆ ಕಳುಹುತ್ತದೆ. ಅತಿಕ್ರೂರವಾಗಿದ್ದರೆ ಒಂದು ತಪ್ಪಿಗೇ ಪ್ರಾಣವನ್ನು ಕೇಳುತ್ತದೆ. ತಪ್ಪನ್ನು ತೋರಿಸಬೇಕು, ತಿದ್ದಿಕೊಳ್ಳಲು ಅವಕಾಶವನ್ನೂ ಕೊಡಬೇಕು. ಈ ಹದವನ್ನು ರೆಕ್ಕೆಯ ಉದ್ದಗಲಗಳಲ್ಲಿ, ಬಾಲದ ಅಳತೆಯಲ್ಲಿ, ಭಾರದ ಹಂಚಿಕೆಯಲ್ಲಿ ಲೆಕ್ಕ ಹಾಕಿ ತರಬೇಕಾಗಿತ್ತು. ಲೆಕ್ಕ ಮಾಡುವ ಯಂತ್ರಗಳ ಸೌಕರ್ಯ ಹೆಚ್ಚಾಗಿಲ್ಲದ ಆ ಕಾಲದಲ್ಲಿ ಇದು ಕಾಗದ, ಲೇಖನಿ ಮತ್ತು ತಾಳ್ಮೆಗಳ ಕೆಲಸ.

ಫಲವಾಗಿ ಎಚ್.ಟಿ.-2 ಎಂಬ ವಿಮಾನವು ರೂಪುತಳೆದು 1951ರ ಆಗಸ್ಟಿನಲ್ಲಿ ಬೆಂಗಳೂರಿನ ಆಕಾಶಕ್ಕೇರಿತು. ಅದನ್ನು ಮೊದಲು ಹಾರಿಸಿದವರು ಜಿಮ್ಮಿ ಮುನ್ಷಿ ಎಂದೇ ಖ್ಯಾತರಾದ ಕ್ಯಾಪ್ಟನ್ ಜಮ್‌ಶೇಡ್ ಮುನ್ಷಿ. ಇಡಿಯ ಮೈ ಲೋಹದ್ದು, ರೆಕ್ಕೆ ಕೆಳಭಾಗದಲ್ಲಿ, ಗುರುಶಿಷ್ಯರು ಒಬ್ಬರ ಹಿಂದೆ ಒಬ್ಬರು ಕುಳಿತುಕೊಳ್ಳುವ, ಮೇಲೆ ಗಾಜಿನ ಮುಚ್ಚಿಗೆಯುಳ್ಳ ಕೋಣೆ, 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್. ಎಂಜಿನ್ನು ಮಾತ್ರ ಪರದೇಶದ್ದೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಭಾರತದಲ್ಲಿ ವಿನ್ಯಾಸಗೊಂಡು ಸಾಲುಸಾಲಾಗಿ ತಯಾರಾದ ಎಂಜಿನ್‌ಸಹಿತ ವಿಮಾನಗಳಲ್ಲಿ ಇದೇ ಮೊದಲನೆಯದು. ನೂರೈವತ್ತಕ್ಕೂ ಮಿಕ್ಕಿ ವಿಮಾನಗಳು ಆ ಕಾರ್ಖಾನೆಯಿಂದ ಹೊರಬಂದವು.

ಟೈಗರ್ ಮಾತಿನ ಸ್ಥಾನವನ್ನು ವಾಯುಪಡೆಯಲ್ಲಿ ಎಚ್.ಟಿ.-2 ಆಕ್ರಮಿಸಿಕೊಂಡಿತು. 1960ರ ದಶಕದಿಂದ ಶರಣರ ನಾಡಾದ ಬೀದರಿನಲ್ಲಿ ವಾಯುಪಡೆಯ ಪ್ರಾಥಮಿಕ ಹಾರಾಟ ಶಾಲೆ ನಡೆಯಿತಷ್ಟೆ. ಅಲ್ಲಿ ತಲೆಮಾರುಗಳ ತರುಣರು ಮೊದಲ ಬಾರಿಗೆ ನೆಲವನ್ನು ಬಿಟ್ಟೆದ್ದುದು ಈ ವಿಮಾನದಲ್ಲಿಯೇ. ಮುಂದೆ ಶಬ್ದಕ್ಕಿಂತ ವೇಗವಾದ ವಿಮಾನಗಳನ್ನು ನಡೆಸಿದವರೂ ಮೊದಲು ಇದರ ಬಾಲಚಕ್ರದೊಡನೆ ಸೆಣಸಿದವರೇ. 1959ರಲ್ಲಿ ಆಫ್ರಿಕದ ಘಾನಾ ದೇಶವು ತನ್ನ ವಾಯುಪಡೆಯನ್ನು ಕಟ್ಟಿದಾಗ ಹನ್ನೆರಡು ಎಚ್.ಟಿ.-2 ವಿಮಾನಗಳು ಅಲ್ಲಿಗೆ ಹೋದವು. ಎರಡು ವರ್ಷಗಳ ಹಿಂದಷ್ಟೇ ಸ್ವತಂತ್ರವಾಗಿದ್ದ ನಾಡಿನ ಮಕ್ಕಳು ಬೆಂಗಳೂರಿನಲ್ಲಿ ತಯಾರಾದ ವಿಮಾನದಲ್ಲಿ ಹಾರಲು ಕಲಿತರು. ಎರವಲು ಹಲಗೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ.

ಆದರೆ ಎಚ್.ಟಿ.-2 ಸೈನ್ಯಕ್ಕೆ ಹೊಂದುವ ವಿಮಾನ. ಜಕ್ಕೂರಿನಂತಹ ನಾಗರಿಕ ಶಾಲೆಗಳಿಗೂ ಹಾರಾಟ ಸಂಘಗಳಿಗೂ ಬೇಕಾದುದು ಇನ್ನೂ ಹಗುರವಾದ, ಕಡಿಮೆ ವೆಚ್ಚದ, ಊರಿನ ಮಿಸ್ತ್ರಿಯೂ ಅರ್ಥಮಾಡಿಕೊಳ್ಳಬಲ್ಲ ವಿಮಾನ. ಘಾಟಗೆಯವರ ವಿಭಾಗವು ಅದನ್ನೂ ನಿರ್ಮಿಸಿತು. 1958ರ ಸೆಪ್ಟೆಂಬರ್ 28ರಂದು ಮೊದಲ ಬಾರಿಗೆ ಹಾರಿದ ಆ ವಿಮಾನಕ್ಕೆ ಪುಷ್ಪಕವೆಂದು ನಾಮಕರಣವಾಯಿತು. ರಾಮಾಯಣದ ಪುಷ್ಪಕವು ಎಷ್ಟು ಮಂದಿ ಏರಿದರೂ ಇನ್ನೊಬ್ಬರಿಗೆ ಎಡೆ ಕೊಡುತ್ತಿತ್ತಂತೆ. ಈ ಪುಷ್ಪಕಕ್ಕೆ ಇಬ್ಬರೇ ಭಾರ. ಉಕ್ಕಿನ ಕೊಳವೆಗಳ ಹಂದರ, ಅದಕ್ಕೆ ಹೊದಿಸಿದ ಬಟ್ಟೆ, ತಲೆಯ ಮೇಲೆ ರೆಕ್ಕೆ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ಅಮೆರಿಕದ ಏರಾಂಕ ಚೀಫ್ ಎಂಬ ವಿಮಾನದ ಹೋಲಿಕೆ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಳ್ಳೆಯ ಮಾದರಿಯಿಂದ ಕಲಿಯುವುದನ್ನು ಕುಂದೆಂದು ಎಣಿಸಬೇಕಾಗಿಲ್ಲ.

ಇದರಲ್ಲಿ ಗುರುಶಿಷ್ಯರು ಪಕ್ಕಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. ಹಿಂದೆ ಮುಂದೆ ಕುಳಿತಾಗ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣಿಸದು. ಪಕ್ಕದಲ್ಲಿ ಕುಳಿತ ಗುರುವಿಗೆ ಶಿಷ್ಯನ ಕಣ್ಣು ಎತ್ತ ನೋಡುತ್ತಿದೆ, ಕೈ ದಂಡವನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದೆಲ್ಲ ಪ್ರತ್ಯಕ್ಷ. ದೇಶದ ನಾನಾ ಭಾಗಗಳ ಹಾರಾಟ ಸಂಘಗಳಿಗೆ ನೂರೈವತ್ತರಷ್ಟು ಪುಷ್ಪಕಗಳು ಹೋದವು. ಜಕ್ಕೂರಿನ ಆಕಾಶದಲ್ಲಿಯೂ ಅವು ಸುತ್ತಿದವು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿ ತೆಳುವು. ಎಂಜಿನ್ನಿಗೂ ರೆಕ್ಕೆಗೂ ಪೂರ್ಣಬಲ ದೊರೆಯದು. ಓಟದ ಪಥವು ಉದ್ದವಾಗುತ್ತದೆ, ಏರುವಿಕೆ ನಿಧಾನವಾಗುತ್ತದೆ. ಬೇಸಿಗೆಯ ಮಧ್ಯಾಹ್ನದಲ್ಲಂತೂ ಇದು ಇಮ್ಮಡಿಸಿದಂತೆ ತೋರುತ್ತದೆ. ಇಂಥ ಶಾಲೆಗಳಲ್ಲಿ ಬೆಳಗಿನ ತಂಪುಹೊತ್ತಿಗೆ ಪ್ರಾಶಸ್ತ್ಯವಿರುವುದಕ್ಕೆ ಇದೂ ಒಂದು ಕಾರಣ.

ಕಡೆಗೊಂದು ದಿನ ಗುರುವು ವಿಮಾನವನ್ನು ನಿಲ್ಲಿಸಿ ಕೆಳಗಿಳಿದು, ಶಿಷ್ಯನೊಬ್ಬನೇ ಒಂದು ಸುತ್ತು ಹಾರಿ ಬರಲು ಸನ್ನೆ ಮಾಡುತ್ತಾನೆ. ಏಕಾಂಗಿಯಾದ ಆ ಮೊದಲ ಹಾರಾಟಕ್ಕೆ ಸೋಲೋ ಎಂದು ಹೆಸರು. ಗುರುವಿನ ಭಾರವು ಇಲ್ಲದಿರುವುದರಿಂದ ವಿಮಾನವು ಎಂದಿಗಿಂತ ಬೇಗನೆ ನೆಲವನ್ನು ಬಿಡುತ್ತದೆ, ಎಂದಿಗಿಂತ ಚುರುಕಾಗಿ ಏರುತ್ತದೆ. ಶಿಷ್ಯನು ಪಕ್ಕಕ್ಕೆ ನೋಡಿದರೆ ಬರಿದಾದ ಆಸನ. ಅದರ ಮುಂದೆ ತನ್ನ ಕೈಯ ಚಲನೆಯನ್ನೇ ಅನುಸರಿಸಿ ತಾನೇ ತಾನಾಗಿ ಅಲುಗುವ ಇನ್ನೊಂದು ದಂಡ. ಕೆಳಗೆ ನಿಂತ ಗುರುವು ಆ ಕೆಲವು ನಿಮಿಷಗಳನ್ನು ಹೇಗೆ ಕಳೆಯುತ್ತಾನೆಂಬುದನ್ನು, ಪರೀಕ್ಷಾ ಕೊಠಡಿಯ ಹೊರಗೆ ಕಾದುನಿಂತ ಉಪಾಧ್ಯಾಯರು ಊಹಿಸಬಲ್ಲರು. ವಿಮಾನವನ್ನು ರೂಪಿಸಿದವನು ಅಲ್ಲಿ ಇರುವುದಿಲ್ಲ. ಅವನ ಲೆಕ್ಕಾಚಾರ ಮಾತ್ರ ಶಿಷ್ಯನೊಡನೆ ಮೇಲಿರುತ್ತದೆ.

ಘಾಟಗೆಯವರ ಇತರ ಕಾರ್ಯಗಳನ್ನು ಸಂಕ್ಷೇಪವಾಗಿ ಹೇಳಬಹುದು. ಪುಷ್ಪಕದಿಂದಲೇ ಬೆಳೆದ ಕೃಷಕ್ ವಿಮಾನವು ಸೈನ್ಯದ ವೀಕ್ಷಣಾಕಾರ್ಯಕ್ಕೆ ಒದಗಿತು. ಕುರ್ಟ್ ಟಾಂಕ್ ಎಂಬ ಜರ್ಮನ್ ವಿನ್ಯಾಸಕರು 1956ರಲ್ಲಿ ಬೆಂಗಳೂರಿಗೆ ಬಂದು ಮಾರುತ್ ಯುದ್ಧವಿಮಾನದ ಕೆಲಸವನ್ನು ಕೈಗೊಂಡಾಗ, ಅವರೊಡನೆ ದುಡಿಯಲು ಸಿದ್ಧವಾದ ಭಾರತೀಯ ತಂಡವೊಂದು ಅದಾಗಲೇ ಇತ್ತು. ಅದನ್ನು ಬೆಳೆಸಿದವರು ಘಾಟಗೆಯವರು. 1964ರಲ್ಲಿ ಹಾರಿದ ಕಿರಣ್ ಎಂಬ ಜೆಟ್ ಶಿಕ್ಷಣವಿಮಾನವೂ ಅದೇ ಪರಂಪರೆಯ ಕೂಸು. ಅದರಲ್ಲಿಯೂ ಗುರುಶಿಷ್ಯರಿಗೆ ಪಕ್ಕಪಕ್ಕದ ಆಸನ. 1965ರಲ್ಲಿ ಭಾರತ ಸರ್ಕಾರವು ಘಾಟಗೆಯವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಮಾರುತದಂತಹ ಯುದ್ಧವಿಮಾನಗಳಿಗೆ ದೊರೆತ ಜನಪ್ರಸಿದ್ಧಿಯು ಕಲಿಸುವ ವಿಮಾನಗಳಿಗೆ ದೊರೆಯಲಿಲ್ಲವೆಂಬುದು ನಿಜ. ಪ್ರಾಥಮಿಕ ಶಾಲೆಯ ಮೇಷ್ಟರಿಗೂ ಮಹಾವಿದ್ಯಾಲಯದ ಪ್ರಾಧ್ಯಾಪಕರಿಗೂ ಸಲ್ಲುವ ಮನ್ನಣೆಯಲ್ಲಿ ಇರುವ ಅಂತರವೇ ಇಲ್ಲಿಯೂ ಇದೆ.

1991ರ ಡಿಸೆಂಬರ್ 6ರಂದು, ಎಂಬತ್ಮೂರು ವರ್ಷಗಳ ತುಂಬುಜೀವನವನ್ನು ನಡೆಸಿ, ಘಾಟಗೆಯವರು ಕಾಲವಶರಾದರು. ಕಾರ್ಖಾನೆಗೆ ಸೇರಿದ ಸಭಾಭವನವೊಂದಕ್ಕೆ ಅವರ ಹೆಸರನ್ನಿಡಲಾಗಿದೆ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಎಚ್.ಎ.ಎಲ್. ವಸ್ತುಸಂಗ್ರಹಾಲಯಕ್ಕೆ ಪ್ರವಾಸ ಬರುವ ಶಾಲಾಮಕ್ಕಳು ಮೊದಲು ಓಡುವುದು ಅಲ್ಲಿನ ದೊಡ್ಡ ಯುದ್ಧವಿಮಾನಗಳ ಕಡೆಗೆ. ಎಚ್.ಟಿ.-2ರ ಬಳಿಗೆ ಅವರನ್ನು ಉಪಾಧ್ಯಾಯರೇ ಕರೆದೊಯ್ದು, ಒಂದರ ಹಿಂದೊಂದಿರುವ ಆ ಎರಡು ಆಸನಗಳನ್ನು ತೋರಿಸಬೇಕು.