ನೂರು ದಾಟಿದರೂ ವಿದ್ಯಾರ್ಥಿ

ಕಳೆದ ಸೆಮಿಸ್ಟರ್‌ನ ಆರ್ಗ್ಯಾನಿಕ್ ಕೆಮಿಸ್ಟ್ರಿ ಲ್ಯಾಬಿನಲ್ಲಿ ನನ್ನ ಪಾಲಿಗೆ ಒಂದು ಬಿಳಿ ಪುಡಿ ಬಂದಿತ್ತು. ಪೊಟ್ಟಣದ ಮೇಲೆ ಹೆಸರಿಲ್ಲ, ಬರೀ ನಂಬರು. ಅದು ಯಾವ ವಸ್ತು ಅಂತ ನಾವೇ ಕಂಡುಹಿಡಿಯಬೇಕು. ಒಂದು ತುದಿ ಮುಚ್ಚಿದ ಸಣ್ಣ ಗಾಜಿನ ಕ್ಯಾಪಿಲರಿಗೆ ಚಿಟಿಕೆ ಪುಡಿ ತುಂಬಿ, ಥರ್ಮಾಮೀಟರಿಗೆ ದಾರದಿಂದ ಕಟ್ಟಿ, ಎಣ್ಣೆಯಲ್ಲಿ ಇಳಿಬಿಟ್ಟು, ಮೆಲ್ಲಗೆ ಬಿಸಿ ಮಾಡುತ್ತಾ ಕಣ್ಣು ಮಿಟುಕಿಸದೆ ಕೂತೆ. 133 ಡಿಗ್ರಿಗೆ ಪುಡಿ ಕರಗಿ ತಿಳಿಯಾಯಿತು. ಗೋಡೆಯ ಪಟ್ಟಿ ನೋಡಿದೆ. ಸಿನ್ನಮಿಕ್ ಆಮ್ಲ, 133. ನನ್ನ ಬೆರಳು ಅಲ್ಲಿಗೇ ನಿಂತಿತು. ರೆಕಾರ್ಡಿನಲ್ಲಿ ದಪ್ಪಗೆ ಬರೆದು ಕೆಳಗೆ ಗೆರೆಯನ್ನೂ ಎಳೆದೆ.

ಮೇಡಂ ಬಂದು ನೋಡಿದರು. ಬೈಯಲಿಲ್ಲ. ಉಳಿದ ಪುಡಿಯನ್ನು ಟೆಸ್ಟ್ ಟ್ಯೂಬಿಗೆ ಹಾಕಿ ನೀರು ಬೆರೆಸಲು ಹೇಳಿದರು. ಪುಡಿ ಸರಸರನೆ ಕರಗಿತು, ಟ್ಯೂಬು ಕೈಯಲ್ಲಿ ತಣ್ಣಗಾಯಿತು. ಆ ತಂಪು ನನಗೆ ಹೊಸದಲ್ಲ. ಊರಲ್ಲಿ ಮೆಕ್ಕೆಜೋಳಕ್ಕೆ ಸಿಂಪಡಿಸಲು ಅಪ್ಪ ಬಕೆಟ್ಟಿನಲ್ಲಿ ಗೊಬ್ಬರ ಕರಗಿಸುವಾಗ ಕೈ ಹಾಕಿ ಕಲಕುತ್ತಿದ್ದವನು ನಾನೇ. ಅದು ಯೂರಿಯಾ! ಪಟ್ಟಿಯಲ್ಲಿ ಎರಡೇ ಸಾಲು ಕೆಳಗೆ ಅದೂ ಇತ್ತು. ಅದರದ್ದೂ 133. ಸಿನ್ನಮಿಕ್ ಆಮ್ಲವಾಗಿದ್ದರೆ ತಣ್ಣೀರಿನಲ್ಲಿ ಇಷ್ಟು ಸುಲಭವಾಗಿ ಕರಗುತ್ತಲೇ ಇರಲಿಲ್ಲ.

ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನಲ್ಲಿ, ತುಂಗಭದ್ರೆಯ ದಂಡೆಯಲ್ಲಿ, ಯೂರಿಯಾ ಚೀಲದ ಮೇಲೆ ಕೂತು ಹೋಂವರ್ಕ್ ಮಾಡಿದವನು ಯೂರಿಯಾವನ್ನೇ ಗುರುತಿಸಲಿಲ್ಲ! ಗೆಳೆಯರು ಒಂದು ವಾರ ನನ್ನನ್ನು ಹಾಗೇ ಕರೆದರು. ನಗುತ್ತಿದ್ದೆನಾದರೂ ಒಳಗೆ ಚುಚ್ಚುತ್ತಿತ್ತು. ಆ ಚುಚ್ಚುವಿಕೆಯಲ್ಲೇ, ಕರಗುವ ಬಿಂದುವನ್ನು ನಂಬಿ ವಸ್ತುವನ್ನು ಗುರುತಿಸುವ ಈ ಪದ್ಧತಿ ಯಾರದ್ದು ಅಂತ ಹುಡುಕಲು ಹೊರಟೆ. ಆಗ ಸಿಕ್ಕವರು ಫ್ರಾನ್ಸಿನ ಮಿಶೆಲ್ ಯೂಜೆನ್ ಶೆವ್ರಲ್.

ಶೆವ್ರಲ್ ಹುಟ್ಟಿದ್ದು 1786ರ ಆಗಸ್ಟ್ 31ರಂದು, ಆಂಜೆ ಎಂಬ ಊರಿನಲ್ಲಿ. ತಂದೆ ವೈದ್ಯರು. ಮಗುವಿಗೆ ಮೂರು ತುಂಬುವ ಮೊದಲೇ ಫ್ರಾನ್ಸಿನ ಕ್ರಾಂತಿ ಶುರುವಾಯಿತು. 1803ರಲ್ಲಿ, ಹದಿನೇಳರ ಹೊತ್ತಿಗೆ, ರಸಾಯನಶಾಸ್ತ್ರ ಕಲಿಯಲು ಪ್ಯಾರಿಸ್ಸಿಗೆ ಬಂದರು. ಅಲ್ಲಿ ಸಿಕ್ಕ ಗುರು ಲೂಯಿ ವೊಕೆಲಾನ್. ಕ್ರೋಮಿಯಂ ಧಾತುವನ್ನು ಕಂಡುಹಿಡಿದ ದೊಡ್ಡ ವಿಜ್ಞಾನಿ, ಆದರೆ ಹುಟ್ಟಿದ್ದು ಹಳ್ಳಿಯ ರೈತನ ಮನೆಯಲ್ಲಿ. ಇದನ್ನು ಓದಿದಾಗ ನನಗೆ ಸ್ವಲ್ಪ ಧೈರ್ಯ ಬಂತು ಅನ್ನುವುದನ್ನು ಮುಚ್ಚಿಡುವುದಿಲ್ಲ.

1811ರ ಸುಮಾರಿಗೆ ಶೆವ್ರಲ್ ಕೈಗೆ ಒಂದು ಸಾಬೂನಿನ ಮಾದರಿ ಬಂತು. ಹಂದಿಯ ಕೊಬ್ಬು ಮತ್ತು ಪೊಟ್ಯಾಶ್ ಕ್ಷಾರದಿಂದ ಮಾಡಿದ್ದು. ಅದನ್ನು ತುಂಬಾ ನೀರಿನಲ್ಲಿ ಕದಡಿದಾಗ ತಳದಲ್ಲಿ ಮುತ್ತಿನಂತೆ ಹೊಳೆಯುವ ಪದಾರ್ಥ ಉಳಿಯಿತು. ಅದಕ್ಕೆ ಆಮ್ಲ ಬೆರೆಸಿದಾಗ ಅದರಿಂದ ಬೇರೊಂದು ಆಮ್ಲವೇ ಹೊರಬಂತು. ಕೊಬ್ಬು ಮತ್ತು ಕ್ಷಾರ ಸುಮ್ಮನೆ ಅಂಟಿಕೊಂಡರೆ ಸಾಬೂನು ಅಂತ ಅಂದಿನವರು ನಂಬಿದ್ದರು. ಹಾಗಲ್ಲ, ಕೊಬ್ಬು ಕ್ಷಾರದ ಜೊತೆ ಸೇರಿದಾಗ ಒಡೆದು ಎರಡಾಗುತ್ತದೆ, ಒಂದು ಕೊಬ್ಬಿನ ಆಮ್ಲ, ಇನ್ನೊಂದು ಸಿಹಿಯಾದ ಗ್ಲಿಸರಿನ್, ಆ ಆಮ್ಲದ ಲವಣವೇ ಸಾಬೂನು ಎಂದು ತೋರಿಸಿದವರು ಶೆವ್ರಲ್. ಗ್ಲಿಸರಿನ್ ಎಂಬ ಹೆಸರಿಟ್ಟವರೂ ಅವರೇ. ನೂರು ವರ್ಷಗಳ ನಂತರ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಶುರುವಾಗಿ ಮೈಸೂರು ಸ್ಯಾಂಡಲ್ ಹೊರಬಂದಾಗಲೂ ಅದರ ಕೊಪ್ಪರಿಗೆಯಲ್ಲಿ ನಡೆದದ್ದು ಇದೇ ಕ್ರಿಯೆ.

ಆದರೆ ಇದನ್ನು ಸಾಧಿಸುವುದು ಸುಲಭವಿರಲಿಲ್ಲ. ಕೊಬ್ಬಿನಿಂದ ಬರುವ ಆಮ್ಲಗಳೆಲ್ಲ ನೋಡಲು ಒಂದೇ ಥರ. ಬಿಳಿ, ಜಿಡ್ಡು, ಮೇಣದಂಥವು. ಯಾವುದು ಒಂದೇ ವಸ್ತು, ಯಾವುದು ಹಲವು ವಸ್ತುಗಳ ಬೆರಕೆ ಅಂತ ಹೇಳುವುದು ಹೇಗೆ? ಇಲ್ಲಿ ಶೆವ್ರಲ್ ಹಿಡಿದ ದಾರಿಯೇ ನಾವು ಇಂದು ಲ್ಯಾಬಿನಲ್ಲಿ ನಡೆಯುವ ದಾರಿ. ಪದಾರ್ಥವನ್ನು ಆಲ್ಕೊಹಾಲಿನಲ್ಲಿ ಕರಗಿಸಿ ಹರಳುಗಟ್ಟಿಸುವುದು, ಆ ಹರಳು ಎಷ್ಟು ಡಿಗ್ರಿಗೆ ಕರಗುತ್ತದೆ ಎಂದು ಅಳೆಯುವುದು, ಮತ್ತೆ ಕರಗಿಸಿ ಮತ್ತೆ ಹರಳುಗಟ್ಟಿಸಿ ಮತ್ತೆ ಅಳೆಯುವುದು. ಅಂಕಿ ಏರುತ್ತಲೇ ಇದ್ದರೆ ಒಳಗೆ ಇನ್ನೂ ಬೆರಕೆ ಇದೆ. ಎಷ್ಟು ಸಲ ಮಾಡಿದರೂ ಅಂಕಿ ಅಲುಗಾಡದಿದ್ದರೆ ಅದು ಶುದ್ಧ. ಕರಗುವ ಬಿಂದುವನ್ನು ಶುದ್ಧತೆಯ ಸಾಕ್ಷಿಯಾಗಿ ಹೀಗೆ ಶಿಸ್ತಿನಿಂದ ಬಳಸಿದ ಮೊದಲಿಗರಲ್ಲಿ ಅವರು ಒಬ್ಬರು.

ಮನುಷ್ಯ, ಕುರಿ, ದನ, ಹಂದಿ, ಬಾತು, ಕೊನೆಗೆ ಜಾಗ್ವಾರ್ ಕೊಬ್ಬನ್ನೂ ಅವರು ಬಿಡಲಿಲ್ಲ. ಸ್ಟಿಯರಿಕ್ ಆಮ್ಲ, ಓಲಿಯಿಕ್ ಆಮ್ಲ, ಹಳಸಿದ ಬೆಣ್ಣೆಗೆ ಆ ವಾಸನೆ ಕೊಡುವ ಬ್ಯುಟಿರಿಕ್ ಆಮ್ಲ, ಹೀಗೆ ಒಂದೊಂದನ್ನೂ ಬೇರ್ಪಡಿಸಿದರು. ಹನ್ನೆರಡು ವರ್ಷಗಳ ಈ ಕೆಲಸ 1823ರಲ್ಲಿ ಪುಸ್ತಕವಾಗಿ ಬಂತು. ಹನ್ನೆರಡು ವರ್ಷ! ನಾನು ಮೂರು ತಾಸಿನ ಲ್ಯಾಬಿನಲ್ಲಿ ಎರಡನೇ ಸಲ ಅಳೆಯಲು ಬೇಸರಪಟ್ಟಿದ್ದೆ.

ಇದರ ನಡುವೆಯೇ, 1815ರಲ್ಲಿ, ಸಕ್ಕರೆ ಕಾಯಿಲೆಯವರ ಮೂತ್ರದಿಂದ ಸಕ್ಕರೆಯನ್ನು ಬೇರ್ಪಡಿಸಿ, ಅದು ದ್ರಾಕ್ಷಿಯಲ್ಲಿರುವ ಸಕ್ಕರೆಯೇ ಎಂದು ಗುರುತಿಸಿದರು. ನಾವಿಂದು ಗ್ಲೂಕೋಸ್ ಅನ್ನುವುದು ಅದನ್ನೇ. ನಮ್ಮ ಅಜ್ಜಿ ಶುಗರ್ ಟೆಸ್ಟ್ ಮಾಡಿಸಲು ಹರಪನಹಳ್ಳಿಗೆ ಬಸ್ ಹತ್ತುವಾಗಲೆಲ್ಲ ಈಗ ನನಗೆ ಶೆವ್ರಲ್ ನೆನಪಾಗುತ್ತಾರೆ. ಪಿತ್ತಕೋಶದ ಕಲ್ಲಿನಲ್ಲಿದ್ದ ಮೇಣದಂಥ ವಸ್ತು ಕ್ಷಾರದ ಜೊತೆ ಸಾಬೂನಾಗುವುದಿಲ್ಲ, ಹಾಗಾಗಿ ಅದು ಕೊಬ್ಬಲ್ಲ ಎಂದು ತೋರಿಸಿ ಅದಕ್ಕೆ ಹೆಸರಿಟ್ಟವರೂ ಅವರೇ. ಇಂದು ಎಲ್ಲರ ಬಾಯಲ್ಲಿರುವ ಕೊಲೆಸ್ಟರಾಲ್ ಎಂಬ ಹೆಸರು ಬಂದದ್ದು ಅದರಿಂದ.

ಹಣದ ವಿಷಯದಲ್ಲಿ ಮಾತ್ರ ಅದೃಷ್ಟವಿರಲಿಲ್ಲ. ಆಗಿನ ಮೇಣದಬತ್ತಿಗಳನ್ನು ದನ, ಕುರಿಗಳ ಕೊಬ್ಬಿನಿಂದ ಮಾಡುತ್ತಿದ್ದರು. ಹೊಗೆ, ನಾತ, ಬಿಸಿಲಿಗೆ ಮೆತ್ತಗಾಗುವ ಗುಣ. ಸುಮಾರು 69 ಡಿಗ್ರಿಗೆ ಕರಗುವ ಸ್ಟಿಯರಿಕ್ ಆಮ್ಲದಿಂದ ಬತ್ತಿ ಮಾಡಲು ಶೆವ್ರಲ್ ಮತ್ತು ಗೇ ಲುಸಾಕ್ 1825ರಲ್ಲಿ ಪೇಟೆಂಟ್ ಪಡೆದರು. ವ್ಯಾಪಾರ ಕೈ ಹಿಡಿಯಲಿಲ್ಲ. ಮುಂದೆ ಬೇರೆಯವರು ಅದನ್ನು ಸುಧಾರಿಸಿ ಗೆದ್ದರು, ಯುರೋಪಿನ ಮನೆಗಳಲ್ಲಿ ಹೊಗೆಯಿಲ್ಲದ ಬೆಳಕು ಬಂತು.

1824ರಲ್ಲಿ ಅವರಿಗೆ ಪ್ಯಾರಿಸ್ಸಿನ ಗೋಬ್ಲಾಂ ಎಂಬ ಸರ್ಕಾರಿ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದ ಹೊಣೆ ಸಿಕ್ಕಿತ್ತು. ಅಲ್ಲಿಯ ಕಪ್ಪು ಬಣ್ಣ ಸಪ್ಪೆ ಎಂಬ ದೂರು ಇತ್ತು. ಶೆವ್ರಲ್ ಬೇರೆಡೆಯ ಕಪ್ಪು ನೂಲುಗಳನ್ನು ತರಿಸಿ ಹೋಲಿಸಿದರು. ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ಎಳೆಗಳಿಂದಾಗಿ ಕಣ್ಣಿಗೆ ಕಪ್ಪು ಮಂಕಾಗಿ ಕಾಣುತ್ತಿತ್ತು. ಈ ವಿಷಯದ ಮೇಲೆ ಅವರು 1839ರಲ್ಲಿ ಬರೆದ ಪುಸ್ತಕವನ್ನು ಮುಂದೆ ಸೊರಾನಂಥ ಚಿತ್ರಕಾರರು ಓದಿ ತಮ್ಮ ಕುಂಚಕ್ಕೆ ಇಳಿಸಿಕೊಂಡರು.

ನನಗೆ ಈ ಬದುಕಿನಲ್ಲಿ ಎಲ್ಲಕ್ಕಿಂತ ಹತ್ತಿರವಾದದ್ದು ಅವರ ಒಂದು ತಪ್ಪು. ಸಾಬೂನಿನಿಂದ ಬಂದ ಆ ಮುತ್ತಿನ ಹೊಳಪಿನ ಆಮ್ಲಕ್ಕೆ, ಗ್ರೀಕ್ ಭಾಷೆಯಲ್ಲಿ ಮುತ್ತಿಗಿರುವ ಪದದಿಂದ, ಅವರು ಮಾರ್ಗರಿಕ್ ಆಮ್ಲ ಎಂದು ಹೆಸರಿಟ್ಟಿದ್ದರು. ಅದು ಕರಗುತ್ತಿದ್ದದ್ದು ಸುಮಾರು 60 ಡಿಗ್ರಿಗೆ. ಅದೊಂದು ಸ್ವತಂತ್ರ ವಸ್ತು ಎಂದು ದಶಕಗಳ ಕಾಲ ಎಲ್ಲರೂ ನಂಬಿದರು. ಬೇಕರಿಯ ಮಾರ್ಗರೀನ್‌ಗೂ ಆ ಹೆಸರು ಬಂದದ್ದು ಅದರಿಂದಲೇ. ಆದರೆ 1850ರ ದಶಕದಲ್ಲಿ ಜರ್ಮನಿಯ ಹೈಂಟ್ಸ್ ಎಂಬ ರಸಾಯನಶಾಸ್ತ್ರಜ್ಞ, ಅದು ಪಾಮಿಟಿಕ್ ಮತ್ತು ಸ್ಟಿಯರಿಕ್ ಆಮ್ಲಗಳ ಬೆರಕೆ ಎಂದು ತೋರಿಸಿದರು. ಪಾಮಿಟಿಕ್ ಕರಗುವುದು ಸುಮಾರು 63ಕ್ಕೆ, ಸ್ಟಿಯರಿಕ್ 69ಕ್ಕೆ. ಬೆರೆತಾಗ ಎರಡಕ್ಕಿಂತಲೂ ಕೆಳಗೆ ಇಳಿಯುತ್ತದೆ! ಕುಲ್ಫಿ ಮಾರುವವರು ಐಸಿಗೆ ಉಪ್ಪು ಬೆರೆಸಿ ಅದು ಸೊನ್ನೆಗಿಂತ ಕೆಳಗೇ ಕರಗುವಂತೆ ಮಾಡುವುದು ಇದೇ ಕಾರಣಕ್ಕೆ. ಥರ್ಮಾಮೀಟರನ್ನು ಅಷ್ಟು ನಂಬಿದವರನ್ನೇ ಥರ್ಮಾಮೀಟರು ಮೋಸ ಮಾಡಿತ್ತು.

ಅವರನ್ನು ಮೋಸ ಮಾಡಿದ ಇದೇ ಗುಣವನ್ನು ನಂತರದ ರಸಾಯನಶಾಸ್ತ್ರಜ್ಞರು ಒಂದು ಪರೀಕ್ಷೆಯಾಗಿ ಬದಲಿಸಿದರು. ಹೆಸರು ಗೊತ್ತಿಲ್ಲದ ಪುಡಿಗೆ ಹೆಸರು ಗೊತ್ತಿರುವ ಪುಡಿಯನ್ನು ಬೆರೆಸಿ ಕರಗಿಸಿ ನೋಡಬೇಕು. ಅಂಕಿ ಇಳಿಯದಿದ್ದರೆ ಎರಡೂ ಒಂದೇ. ಇಳಿದರೆ ಬೇರೆ ಬೇರೆ. ನಾನು ಮಾಡಬೇಕಿದ್ದದ್ದು ಇಷ್ಟೇ.

ಶೆವ್ರಲ್ 1830ರಿಂದ ಪ್ಯಾರಿಸ್ಸಿನ ನೈಸರ್ಗಿಕ ಇತಿಹಾಸ ಮ್ಯೂಸಿಯಂನಲ್ಲಿ ಪ್ರಾಧ್ಯಾಪಕರಾಗಿದ್ದರು. 1864ರಲ್ಲಿ, ನಮ್ಮಲ್ಲಿ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ, ಅದರ ನಿರ್ದೇಶಕರಾದರು. ತೊಂಬತ್ತು ದಾಟುವವರೆಗೂ ಆ ಹುದ್ದೆಯಲ್ಲಿದ್ದರು. 1886ರಲ್ಲಿ ಅವರಿಗೆ ನೂರು ತುಂಬಿದಾಗ ಫ್ರಾನ್ಸ್ ಹಬ್ಬ ಮಾಡಿತು. ಖ್ಯಾತ ಛಾಯಾಗ್ರಾಹಕ ನಾದಾರ್ ಮಾತುಕತೆ ನಡೆಸುತ್ತಿದ್ದಂತೆ ಅವರ ಮಗ ಪಾಲ್ ಸಾಲಾಗಿ ಫೋಟೊ ತೆಗೆದರು. ಜಗತ್ತಿನ ಮೊದಲ ಫೋಟೊ ಸಂದರ್ಶನ ಎಂದು ಅದು ಹೆಸರಾಗಿದೆ. ಇಷ್ಟೆಲ್ಲ ಆದರೂ ಆ ಅಜ್ಜ ತಮ್ಮನ್ನು ಕರೆದುಕೊಳ್ಳುತ್ತಿದ್ದದ್ದು ಫ್ರಾನ್ಸಿನ ವಿದ್ಯಾರ್ಥಿಗಳಲ್ಲೇ ಹಿರಿಯ ಎಂದು. 1889ರ ಏಪ್ರಿಲ್ 9ರಂದು, 102ನೇ ವಯಸ್ಸಿನಲ್ಲಿ ತೀರಿಕೊಂಡರು. ಆಗಷ್ಟೇ ಎದ್ದು ನಿಂತಿದ್ದ ಐಫೆಲ್ ಗೋಪುರದ ಮೇಲೆ ಕೆತ್ತಿದ 72 ಹೆಸರುಗಳಲ್ಲಿ ಅವರದ್ದೂ ಒಂದು.

ಮುಂದಿನ ವಾರ ಮೇಡಂ ಅನುಮತಿ ಪಡೆದು ಯೂರಿಯಾ, ಸಿನ್ನಮಿಕ್ ಆಮ್ಲ ಎರಡನ್ನೂ ಸಮ ಸಮ ಬೆರೆಸಿ ಕ್ಯಾಪಿಲರಿಗೆ ತುಂಬಿದೆ. 133ರವರೆಗೆ ಕಾಯಬೇಕಾಗಲೇ ಇಲ್ಲ. ನೂರರ ಆಸುಪಾಸಿನಲ್ಲೇ ಪುಡಿ ಕುಸಿದು ಕರಗತೊಡಗಿತು. ಬೇಸರಪಡದೆ ಇನ್ನೊಂದು ಸಲ ಅಳೆದೆ. ಮತ್ತೆ ಹಾಗೇ.

ಹಿಂದಿನ ತಪ್ಪು ಉತ್ತರದ ಪುಟವನ್ನು ಹರಿಯಬೇಕೆಂದಿದ್ದೆ. ಹರಿಯಲಿಲ್ಲ. ಅದರ ಎದುರಿನ ಪುಟದಲ್ಲಿ ಹೊಸ ಅಂಕಿಗಳನ್ನು ಬರೆದೆ. ರಜೆಗೆ ಊರಿಗೆ ಹೋದಾಗ ಈ ಕಥೆಯನ್ನೆಲ್ಲ ಅಪ್ಪನಿಗೆ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, ಏನೂ ಅನ್ನದೆ, ಗೊಬ್ಬರದ ಬಕೆಟ್ಟನ್ನು ನನ್ನ ಕಡೆ ಸರಿಸಿದ. ಕೈ ಹಾಕಿ ಕಲಕಿದೆ. ತಣ್ಣಗಿತ್ತು.